ಆರು ಜೋಡಿ ಕಣ್ಣು: ಎಲ್‌ಎಸ್‌ಡಿ, ಸೂರ್ಯ ಮತ್ತು 1968ರ ಪೆನ್ಸಿಲ್ವೇನಿಯಾ ಪ್ರಕರಣ

1968ರ ಜನವರಿಯ ನಡುಭಾಗದಲ್ಲಿ ಅಮೆರಿಕದ ಪತ್ರಿಕೆಗಳಲ್ಲಿ ಅಚ್ಚಾದ ಒಂದು ಸುದ್ದಿ, ಕಾಲೇಜಿಗೆ ಹೋಗುವ ಮಕ್ಕಳಿದ್ದ ಮನೆಗಳನ್ನು ನಡುಗಿಸುವಂತಿತ್ತು. ಪೆನ್ಸಿಲ್ವೇನಿಯಾ ರಾಜ್ಯದ ಪಶ್ಚಿಮ ಭಾಗದ ಕಾಲೇಜೊಂದರಲ್ಲಿ ಓದುತ್ತಿದ್ದ ಆರು ಮಂದಿ ಯುವಕರು ಎಲ್‌ಎಸ್‌ಡಿ ಎಂಬ ಭ್ರಮೆಕಾರಕ ಮಾದಕವನ್ನು ಸೇವಿಸಿ, ಅದರ ಅಮಲಿನಲ್ಲಿ ಸೂರ್ಯನನ್ನೇ ದಿಟ್ಟಿಸುತ್ತ ಉಳಿದು, ಆರೂ ಮಂದಿ ಸಂಪೂರ್ಣವಾಗಿ ಮತ್ತು ಶಾಶ್ವತವಾಗಿ ದೃಷ್ಟಿ ಕಳೆದುಕೊಂಡರು ಎಂಬುದು ಆ ಸುದ್ದಿಯ ತಿರುಳು. ಹೇಳಿದವರು ಯಾರೋ ಹಾದಿಹೋಕರಲ್ಲ, ರಾಜ್ಯದ ಸಾರ್ವಜನಿಕ ಕಲ್ಯಾಣ ಇಲಾಖೆಯಲ್ಲಿ ಅಂಧರ ಕಚೇರಿಯ ಆಯುಕ್ತರಾಗಿದ್ದ ನಾರ್ಮನ್ ಯೋಡರ್. ಕುರುಡಾದವರ ಲೆಕ್ಕ ಇಡುವುದೇ ಕೆಲಸವಾಗಿದ್ದ ಅಧಿಕಾರಿಯೊಬ್ಬ ಆರು ಮಂದಿ ಕುರುಡಾದರು ಎಂದಾಗ ಅದನ್ನು ಅನುಮಾನಿಸುವ ಕಾರಣ ಓದುಗರಿಗೂ ಕಾಣಲಿಲ್ಲ, ವರದಿಗಾರರಿಗೂ ಕಾಣಲಿಲ್ಲ. ವಿದ್ಯಾರ್ಥಿಗಳ ಹೆಸರನ್ನು ಅವರು ಬಿಟ್ಟುಕೊಡಲಿಲ್ಲ.

ಒಂದು ವಾರ ಕಳೆಯುವುದರೊಳಗೆ ಕಥೆ ಕುಸಿಯಿತು. ಜನವರಿ 18ರಂದು ಗವರ್ನರ್ ರೇಮಂಡ್ ಶೇಫರ್ ಪತ್ರಕರ್ತರನ್ನು ಕರೆದು, ಇದೆಲ್ಲವೂ ಯೋಡರ್ ಅವರ ಕಲ್ಪನೆ, ಅಂತಹ ಆರು ವಿದ್ಯಾರ್ಥಿಗಳೇ ಇಲ್ಲ ಎಂದು ತಿಳಿಸಬೇಕಾಯಿತು. (ಅಮೆರಿಕದ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರಂತೆ ನೇಮಕಗೊಂಡವರಲ್ಲ, ಜನರಿಂದ ಆಯ್ಕೆಯಾಗಿ ಆಡಳಿತ ನಡೆಸುವವರು, ನಮ್ಮ ಮುಖ್ಯಮಂತ್ರಿಯ ಸ್ಥಾನದವರು.) ಆರಂಭದಲ್ಲಿ ಸ್ವತಃ ಶೇಫರ್ ಅವರೂ ಸುದ್ದಿಯನ್ನು ನಂಬಿ ಅದಕ್ಕೆ ಬೆಂಬಲವಾಗಿ ಮಾತನಾಡಿದ್ದರು ಎಂಬುದು ಅವರ ಮುಜುಗರವನ್ನು ಇನ್ನಷ್ಟು ಹೆಚ್ಚಿಸಿತು. ಯೋಡರ್ ಮಾನಸಿಕವಾಗಿ ಬಳಲಿದ್ದಾರೆ, ಅಸ್ವಸ್ಥರಾಗಿದ್ದಾರೆ ಎಂದು ಗವರ್ನರ್ ಹೇಳಿದರು, ಅವರನ್ನು ಅಮಾನತಿನಲ್ಲಿಡಲಾಯಿತು. ಎಳೆಯರು ಎಲ್‌ಎಸ್‌ಡಿಯ ದಾರಿ ಹಿಡಿಯುತ್ತಿದ್ದಾರೆ ಎಂಬ ಕಳವಳವೇ ಈ ಕಟ್ಟುಕಥೆಯ ಹಿಂದಿದ್ದ ಪ್ರೇರಣೆ ಎಂಬುದು ಅಧಿಕಾರಿಗಳು ಕೊಟ್ಟ ವಿವರಣೆ.

ಆ ವಾರದ ಗಾಳಿ ಹೇಗಿತ್ತೆಂಬುದನ್ನು ನೆನೆದರೆ ಸುದ್ದಿ ಅಷ್ಟು ಬೇಗ ಹಬ್ಬಿದ್ದು ಸೋಜಿಗವೆನಿಸದು. ಕಥೆ ಸುಳ್ಳೆಂದು ಬಯಲಾಗುವುದಕ್ಕೆ ಒಂದೇ ದಿನ ಮೊದಲು, ಜನವರಿ 17ರಂದು, ಅಧ್ಯಕ್ಷ ಲಿಂಡನ್ ಜಾನ್ಸನ್ ಸಂಸತ್ತಿನ ಮುಂದೆ ಮಾಡಿದ ವಾರ್ಷಿಕ ಭಾಷಣದಲ್ಲಿ ಎಲ್‌ಎಸ್‌ಡಿ ಮಾರುವವರಿಗೆ ಇನ್ನೂ ಕಠಿಣ ಶಿಕ್ಷೆ ಬೇಕೆಂದು ಕೇಳಿದ್ದರು. ಕ್ಯಾಲಿಫೋರ್ನಿಯಾದಲ್ಲಿ 1966ರ ಅಕ್ಟೋಬರಿನಲ್ಲೇ ಅದು ನಿಷೇಧವಾಗಿತ್ತು. 1938ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಕಂಪನಿಯ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಹಾಫ್‌ಮನ್ ತಯಾರಿಸಿದ, 1943ರಲ್ಲಿ ತಮ್ಮ ಮೇಲೆಯೇ ಅದರ ಪರಿಣಾಮ ಕಂಡುಕೊಂಡ ಈ ವಸ್ತು, ಕಾಲು ಶತಮಾನ ಕಳೆಯುವಷ್ಟರಲ್ಲಿ ಔಷಧದ ಕಪಾಟಿನಿಂದ ಪೊಲೀಸ್ ಠಾಣೆಯ ಕಡತಕ್ಕೆ ಬಂದು ನಿಂತಿತ್ತು.

ಇಲ್ಲಿಗೆ ಮುಗಿದಿದ್ದರೆ ಇದೊಂದು ಸುಳ್ಳು ಸುದ್ದಿಯ ಪ್ರಕರಣವಾಗಿ ಉಳಿಯುತ್ತಿತ್ತು. ನನಗೆ ಇದು ಮುಖ್ಯವೆನಿಸುವುದು ಬೇರೆ ಎರಡು ಕಾರಣಗಳಿಗೆ. ಸುಳ್ಳೆಂಬ ಗುರುತು ಸುದ್ದಿಯ ಮೊದಲ ವಾಕ್ಯದಲ್ಲೇ ಇತ್ತು, ಕಣ್ಣಿನ ರಚನೆ ಬಲ್ಲ ಯಾರಾದರೂ ಅದನ್ನು ಹಿಡಿಯಬಹುದಿತ್ತು ಎಂಬುದು ಒಂದು. ಆ ಸುಳ್ಳು ಯಾವ ಹಾನಿಯ ಹೆಸರು ಹೇಳಿತ್ತೋ ಅದೇ ಹಾನಿ, ಚಿಕ್ಕ ಅಳತೆಯಲ್ಲಿ, ಮುಂದಿನ ವರ್ಷಗಳಲ್ಲಿ ನಿಜವಾದ ರೋಗಿಗಳ ಕಣ್ಣಿನಲ್ಲಿ ಕಾಣಿಸಿಕೊಂಡಿತು ಎಂಬುದು ಇನ್ನೊಂದು.

ಸಾಸಿವೆ ಕಾಳಿನಷ್ಟು ಜಾಗ

ನಮ್ಮ ಭಾಷೆಯಲ್ಲಿ "ಕಣ್ಣು ಹೋಯಿತು" ಎಂಬ ಒಂದೇ ಮಾತು ಎಲ್ಲ ಬಗೆಯ ದೃಷ್ಟಿನಾಶಕ್ಕೂ ಒದಗುತ್ತದೆ. ಪೊರೆ ಬೆಳೆದು ಮಂಜಾದವರಿಗೂ ಕಣ್ಣು ಹೋಗಿರುತ್ತದೆ, ಕಗ್ಗತ್ತಲಾದವರಿಗೂ ಹೋಗಿರುತ್ತದೆ. ಸೂರ್ಯನನ್ನು ನೋಡಿದ್ದರಿಂದ ಆಗುವ ಹಾನಿಯನ್ನು ಅರಿಯಬೇಕಾದರೆ ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಭೂಮಿಯಿಂದ ನೋಡಿದಾಗ ಸೂರ್ಯನ ತಟ್ಟೆಯ ಅಗಲ ಸುಮಾರು ಅರ್ಧ ಡಿಗ್ರಿ. ಕಣ್ಣಿನ ಮಸೂರಗಳು ಅದನ್ನು ಅಕ್ಷಿಪಟಲದ (ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರ) ಮೇಲೆ ಮೂಡಿಸಿದಾಗ ಆ ಬಿಂಬದ ಅಡ್ಡಳತೆ ಹೆಚ್ಚುಕಡಿಮೆ 0.15 ಮಿ.ಮೀ. ಮಾತ್ರ. ಅಕ್ಷಿಪಟಲದ ನಟ್ಟನಡುವೆ ಫೋವಿಯಾ ಎಂಬ ಸಣ್ಣ ತಗ್ಗಿದೆ. ಅದರ ಅಗಲ ಸುಮಾರು 1.5 ಮಿ.ಮೀ., ಅಂದರೆ ಒಂದು ಸಾಸಿವೆ ಕಾಳಿನಷ್ಟು. ನಾವು ಅಕ್ಷರ ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು ಎಲ್ಲವೂ ಈ ಸಾಸಿವೆ ಕಾಳಿನ ಬಲದಿಂದಲೇ. ಯಾವುದನ್ನಾದರೂ ನೆಟ್ಟನೆ ನೋಡುವುದೆಂದರೆ ಅದರ ಬಿಂಬವನ್ನು ತಂದು ಫೋವಿಯಾದ ಮೇಲೆ ನಿಲ್ಲಿಸುವುದು ಎಂದೇ ಅರ್ಥ. ಸೂರ್ಯನನ್ನು ದಿಟ್ಟಿಸಿದವನು ತನ್ನ ಕಣ್ಣಿನ ಅತ್ಯಂತ ಬೆಲೆಯುಳ್ಳ ಜಾಗದ ಮೇಲೆಯೇ ಬಿಸಿಲನ್ನು ಕೂರಿಸಿರುತ್ತಾನೆ. ಹಾಗಿದ್ದರೂ ಅಕ್ಷಿಪಟಲದ ಉಳಿದ ವಿಸ್ತಾರಕ್ಕೆ ಆ ಬಿಂಬ ಮುಟ್ಟುವುದೇ ಇಲ್ಲ. ಎಷ್ಟು ಹೊತ್ತು ನೋಡಿದರೂ ಬದಿಯ ನೋಟ ಉಳಿದಿರುತ್ತದೆ, ಆತ ಗೋಡೆಗೆ ಢಿಕ್ಕಿ ಹೊಡೆಯದೆ ನಡೆಯಬಲ್ಲ, ಬೆಳಕು ಕತ್ತಲೆಯ ವ್ಯತ್ಯಾಸ ಅವನಿಗೆ ಚೆನ್ನಾಗಿಯೇ ತಿಳಿಯುತ್ತದೆ.

ಯೋಡರ್ ಅವರ ಕಥೆಯ ಬಿರುಕು ಇರುವುದು ಇಲ್ಲಿಯೇ. "ಸಂಪೂರ್ಣ ಕುರುಡು" ಎಂಬುದು ಈ ಹಾನಿಯ ಸ್ವರೂಪಕ್ಕೆ ಹೊಂದುವುದಿಲ್ಲ. ಒಬ್ಬನಿಗೆ ವಿಪರೀತವಾಗಿ ಏನೋ ಆಯಿತೆಂದು ಬೇಕಾದರೆ ಒಪ್ಪೋಣ. ಆರು ಮಂದಿಯ ಹನ್ನೆರಡು ಕಣ್ಣುಗಳೂ ಒಂದೇ ಪ್ರಮಾಣದಲ್ಲಿ ಪೂರ್ತಿ ನಂದಿಹೋಗುವುದು ಸೂರ್ಯನಿಂದ ಆಗುವ ಕೆಲಸವಲ್ಲ. ಅಮೆರಿಕದ ಕಾನೂನಿನಲ್ಲಿ ಕನ್ನಡಕ ಹಾಕಿದ ಮೇಲೂ ಚೆನ್ನಾಗಿರುವ ಕಣ್ಣಿನ ದೃಷ್ಟಿ 20/200 ಅಥವಾ ಅದಕ್ಕಿಂತ ಕಡಿಮೆ ಇದ್ದವರನ್ನು (ನಮ್ಮ ಆಸ್ಪತ್ರೆಯ ಚೀಟಿಯಲ್ಲಿ 6/60 ಎಂದು ಬರೆಯುವುದು ಇದನ್ನೇ) ಅಂಧರೆಂದು ಪರಿಗಣಿಸುತ್ತಾರೆ. ಎರಡೂ ಕಣ್ಣಿನ ನಡುಭಾಗ ಜೋರಾಗಿ ಪೆಟ್ಟು ತಿಂದವರು ಕೆಲವು ಕಾಲ ಆ ಗೆರೆಯ ಹತ್ತಿರ ಬರಬಹುದು. ಕಾನೂನಿನ ಅಂಧತ್ವ ಎಂದಷ್ಟೇ ಹೇಳಿದ್ದರೆ ಈ ಕಥೆ ಇನ್ನೂ ಹೆಚ್ಚು ದಿನ ಬಾಳುತ್ತಿತ್ತೇನೋ. ಹೆದರಿಸುವ ಉತ್ಸಾಹದಲ್ಲಿ ಮಾತು ಒಂದು ಹೆಜ್ಜೆ ಮುಂದೆ ಹೋಯಿತು.  ಕಣ್ಣಿನ ಬಗ್ಗೆ ಇಷ್ಟು ದೊಡ್ಡ ಸುದ್ದಿ ಬಂದರೂ ಒಂದು ಕಣ್ಣನ್ನೂ ಯಾರೂ ಪರೀಕ್ಷಿಸಿರಲಿಲ್ಲ.

ನಿಜವಾದ ಹಾನಿ ಹೇಗೆ ಕಾಣುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಸೂರ್ಯನನ್ನು ನೋಡಿದ ಮಾರನೆಯ ಬೆಳಿಗ್ಗೆ ಒಬ್ಬ ಹುಡುಗ ದಿನಪತ್ರಿಕೆ ಹಿಡಿಯುತ್ತಾನೆ ಎಂದುಕೊಳ್ಳಿ. ಒಂದು ಅಡಿಗಿಂತ ತುಸು ಹೆಚ್ಚು ದೂರದಲ್ಲಿ ಹಿಡಿದ ಪತ್ರಿಕೆಯ ಮೇಲೆ ಅರ್ಧ ಡಿಗ್ರಿ ಎಂದರೆ ಸುಮಾರು 3 ಮಿ.ಮೀ., ಅಚ್ಚಿನ ಒಂದು ಅಕ್ಷರದಷ್ಟು. ಅವನು ಯಾವ ಅಕ್ಷರವನ್ನು ನೋಡುತ್ತಾನೋ ಅದೇ ಅಕ್ಷರ ಮಾಯ. ಪಕ್ಕದ್ದು ಕಾಣುತ್ತದೆ, ಅದನ್ನು ಓದೋಣವೆಂದು ನೋಟ ಸರಿಸಿದರೆ ಕಲೆಯೂ ಜೊತೆಗೇ ಸರಿದು ಅದನ್ನೂ ನುಂಗುತ್ತದೆ. ಬಸ್ ನಿಲ್ದಾಣದಲ್ಲಿ ಹತ್ತು ಮೀಟರ್ ದೂರದ ಬಸ್ಸಿನ ಬೋರ್ಡಿನಲ್ಲಿ ಅದೇ ಕಲೆ ಒಂಬತ್ತು ಸೆಂಟಿಮೀಟರ್ ಅಗಲವಾಗಿ, ಊರಿನ ಹೆಸರಿನ ನಡುವಿನ ಅಕ್ಷರವೊಂದನ್ನು ಅಳಿಸಿಹಾಕುತ್ತದೆ. ನೇರ ಗೆರೆಗಳು ನಡುವಿನಲ್ಲಿ ಡೊಂಕಾಗಿ ಕಾಣುವುದೂ ಉಂಟು. ಕಣ್ಣಿನ ಆಸ್ಪತ್ರೆಯಲ್ಲಿ ಇದನ್ನು ಅಳೆಯಲು ಆಮ್ಸ್ಲರ್ ಹಾಳೆ ಎಂಬ ಸರಳ ಸಾಧನವಿದೆ: ಹತ್ತು ಸೆಂಟಿಮೀಟರ್ ಚೌಕ, ಒಳಗೆ ಐದು ಮಿಲಿಮೀಟರಿನ ಮನೆಗಳು, ಗಣಿತದ ನೋಟ್‌ಬುಕ್ಕಿನ ಹಾಳೆಯಂತೆ, ನಡುವೆ ಒಂದು ಚುಕ್ಕಿ. ಒಂದು ಕಣ್ಣು ಮುಚ್ಚಿಕೊಂಡು ಚುಕ್ಕಿಯನ್ನೇ ನೋಡಿ ಎಂದಾಗ, "ಯಾವ ಚುಕ್ಕಿ?" ಎಂದು ಕೇಳುವ ರೋಗಿಯ ತೊಂದರೆ ಎಲ್ಲಿದೆಯೆಂದು ವೈದ್ಯರಿಗೆ ಆಗಲೇ ಅರ್ಧ ತಿಳಿದಿರುತ್ತದೆ.

ಇದು ಭೂತಗನ್ನಡಿಯಿಂದ ಕಾಗದ ಸುಟ್ಟಂತೆ ಎಂದು ಶಾಲೆಯಲ್ಲಿ ನಮಗೆ ಹೇಳಿಕೊಟ್ಟದ್ದು ಪೂರ್ತಿ ಸರಿಯಲ್ಲ. ಪಾಪೆ ಕಿರಿದಾಗಿರುವಾಗ ಅಕ್ಷಿಪಟಲದ ತಾಪ ಸುಡುವ ಮಟ್ಟಕ್ಕೆ ಏರುವುದಿಲ್ಲ. ನೀಲಿ ಬೆಳಕು ಮತ್ತು ಅದರ ಅಂಚಿನ ಅತಿನೇರಳೆ ಕಿರಣಗಳು ಅಲ್ಲಿನ ಜೀವಕೋಶಗಳಲ್ಲಿ ಹೊತ್ತಿಸುವ ರಾಸಾಯನಿಕ ಕ್ರಿಯೆಯೇ ಹಾನಿಯ ಮುಖ್ಯ ಕಾರಣ. ಅದಕ್ಕೇ ಲಕ್ಷಣಗಳು ಕೂಡಲೇ ಬಾರದೆ ಕೆಲವು ಗಂಟೆಗಳ ನಂತರ ತಲೆಯೆತ್ತುತ್ತವೆ. ನೋವಂತೂ ಇಲ್ಲವೇ ಇಲ್ಲ, ಏಕೆಂದರೆ ಅಕ್ಷಿಪಟಲದಲ್ಲಿ ನೋವು ಅರಿಯುವ ನರಗಳಿಲ್ಲ. ರಸ್ತೆ ಬದಿಯ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಕಿಡಿ ನೋಡಿದ ಹುಡುಗ ರಾತ್ರಿಯಿಡೀ ಕಣ್ಣಿನಲ್ಲಿ ಮರಳು ಸುರಿದಂತಾಗಿ ಅಳುತ್ತಾನೆ. ಅದು ಕಣ್ಣಿನ ಮುಂಭಾಗದ ಕಾರ್ನಿಯಾದ ಪೆಟ್ಟು, ಒಂದೆರಡು ದಿನದಲ್ಲಿ ವಾಸಿಯಾಗುತ್ತದೆ. ಅಕ್ಷಿಪಟಲದ ಪೆಟ್ಟು ಅಷ್ಟು ಗದ್ದಲ ಮಾಡುವುದಿಲ್ಲ.

ಮಾದಕದ ಪಾಲು ಎಷ್ಟು

ಹಾಗಾದರೆ ಎಲ್‌ಎಸ್‌ಡಿ ಇಲ್ಲಿ ಮಾಡುವುದೇನು? ಅಕ್ಷಿಪಟಲವನ್ನು ಅದು ತಾನಾಗಿ ಕೆಡಿಸುವುದಿಲ್ಲ, ಕೆಡಿಸುವುದು ಸೂರ್ಯ. ಸಾಮಾನ್ಯ ಮನುಷ್ಯ ಸೂರ್ಯನತ್ತ ನೋಡಿದರೆ ಕಣ್ಣು ಕುಕ್ಕಿ, ಕ್ಷಣದ ಒಂದು ಪಾಲಿನಲ್ಲಿ ರೆಪ್ಪೆ ಮುಚ್ಚಿ, ಮುಖ ತಾನಾಗಿ ತಿರುಗುತ್ತದೆ. ಈ ಕಾವಲನ್ನು ಮಾದಕ ಸಡಿಲಗೊಳಿಸುತ್ತದೆ. ಹೊತ್ತಿನ ಅರಿವು ಕಲಸಿಹೋಗುತ್ತದೆ, ಕಣ್ಣು ಕುಕ್ಕುವ ಕಿರಿಕಿರಿ ಕಿರಿಕಿರಿಯಾಗಿ ಉಳಿಯುವುದಿಲ್ಲ, ಬೆಳಕಿಗೆ ಇಲ್ಲದ ಅರ್ಥಗಳು ಹುಟ್ಟಿಕೊಳ್ಳುತ್ತವೆ. ಜೊತೆಗೆ ಎಲ್‌ಎಸ್‌ಡಿ ಪಾಪೆಯನ್ನು ಹಿಗ್ಗಿಸುತ್ತದೆ. 3 ಮಿ.ಮೀ. ಪಾಪೆ 7 ಮಿ.ಮೀ. ಆದರೆ ಒಳಹೋಗುವ ಬೆಳಕು ಐದು ಪಟ್ಟಿಗೂ ಹೆಚ್ಚು. ಬಿಸಿಲಿನಲ್ಲಿ ಪಾಪೆ ಸ್ವಲ್ಪ ಕುಗ್ಗೀತು ಎಂದಿಟ್ಟುಕೊಂಡರೂ ಮಾಮೂಲಿನಷ್ಟು ರಕ್ಷಣೆ ಉಳಿಯುವುದಿಲ್ಲ.

ಪೆನ್ಸಿಲ್ವೇನಿಯಾದ ಸುದ್ದಿಗೆ ಎಂಟು ತಿಂಗಳು ಮೊದಲು, 1967ರ ಮೇ ತಿಂಗಳಲ್ಲಿ, ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಿಂದ ಇನ್ನೊಂದು ವರದಿ ಬಂದಿತ್ತು. ಅಲ್ಲಿನ ನೇತ್ರತಜ್ಞರ ಸಂಘದ ವಕ್ತಾರರನ್ನು ಆಧರಿಸಿದ ಆ ವರದಿಯ ಪ್ರಕಾರ, ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಎಲ್‌ಎಸ್‌ಡಿ ಅಮಲಿನಲ್ಲಿ ಸೂರ್ಯನನ್ನು ನೋಡಿ ಓದುವ ದೃಷ್ಟಿ ಕಳೆದುಕೊಂಡಿದ್ದರು. ಅವರಲ್ಲೊಬ್ಬ, ತಾನು ಸೂರ್ಯನೊಡನೆ ಧಾರ್ಮಿಕ ಸಂವಾದ ನಡೆಸುತ್ತಿದ್ದೆ ಎಂದನಂತೆ. "ಓದುವ ದೃಷ್ಟಿ" ಎಂಬ ಪದವನ್ನು ಗಮನಿಸಿ. ಫೋವಿಯಾ ಪೆಟ್ಟು ತಿಂದಾಗ ಹೋಗುವುದು ಅದೇ. ಪತ್ರಿಕೆಯ ಅದೇ ಅಂಕಣಗಳಲ್ಲಿ ಬಂದ ಎರಡು ಕಥೆಗಳಲ್ಲಿ ಒಂದರ ಭಾಷೆ ಕಣ್ಣನ್ನು ಬಲ್ಲವರದ್ದು, ಇನ್ನೊಂದರ ಭಾಷೆ ಭಯವನ್ನು ಬಲ್ಲವರದ್ದು.

ವೈದ್ಯಕೀಯ ಪತ್ರಿಕೆಗಳಲ್ಲಿ ಸಾಕ್ಷ್ಯ ಬಂದದ್ದು ತಡವಾಗಿ. 1971ರಲ್ಲಿ ಇವಾಲ್ಡ್, 1973ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಆಫ್ತಾಲ್ಮಾಲಜಿಯಲ್ಲಿ ಶಾಟ್ಸ್ ಮತ್ತು ಮೆಂಡೆಲ್‌ಬ್ಲಾಟ್, 1976ರಲ್ಲಿ ಅಮೆರಿಕನ್ ಜರ್ನಲ್ ಆಫ್ ಆಫ್ತಾಲ್ಮಾಲಜಿಯಲ್ಲಿ ಫುಲರ್ ಅವರು ಎಲ್‌ಎಸ್‌ಡಿ ಸೇವಿಸಿ ಸೂರ್ಯನನ್ನು ನೋಡಿದವರ ಅಕ್ಷಿಪಟಲದ ಹಾನಿಯನ್ನು ದಾಖಲಿಸಿದರು. ಕೊನೆಯದರಲ್ಲಿ ಹಾನಿ ತೀವ್ರವಾದದ್ದೇ ಆಗಿತ್ತು. ಇವು ಬೆರಳೆಣಿಕೆಯ ಪ್ರಕರಣಗಳು, ಊರಿಗೆ ಊರೇ ಕುರುಡಾದ ಕಥೆಗಳಲ್ಲ. ಇವು ಅಚ್ಚಾಗುವ ಹೊತ್ತಿಗೆ "ಎಲ್‌ಎಸ್‌ಡಿ ತಿಂದು ಸೂರ್ಯನನ್ನು ನೋಡಿದವರು" ಎಂಬುದು ಯುವಕರ ನಡುವೆ ಸರ್ಕಾರದ ಸುಳ್ಳಿಗೆ ಇನ್ನೊಂದು ಹೆಸರಾಗಿಹೋಗಿತ್ತು. ವಂಶವಾಹಿಗಳನ್ನು ಹೊತ್ತ ವರ್ಣತಂತುಗಳ (ಕ್ರೋಮೋಸೋಮ್) ವಿಷಯದಲ್ಲೂ ಹೀಗೇ ಆಗಿತ್ತು: 1967ರಲ್ಲಿ ಎಲ್‌ಎಸ್‌ಡಿ ವರ್ಣತಂತುಗಳನ್ನು ಮುರಿಯುತ್ತದೆ ಎಂದು ಎದ್ದ ಗುಲ್ಲು, 1971ರ ವಿಸ್ತೃತ ಪರಿಶೀಲನೆಯಲ್ಲಿ ಮಿತ ಪ್ರಮಾಣದ ಶುದ್ಧ ಎಲ್‌ಎಸ್‌ಡಿಗೆ ಆ ಆರೋಪ ಹೊಂದುವುದಿಲ್ಲ ಎಂದು ತಣ್ಣಗಾಯಿತು. ಎರಡು ಸಲ ತೋಳ ಬಂತೆಂದು ಕೂಗಿಸಿಕೊಂಡ ಊರು ಮೂರನೆಯ ಸಲ ಕೋಲು ಹಿಡಿದು ಓಡಿಬರುವುದಿಲ್ಲ.

ಕಣ್ಣಿನ ಹಿಂದೆ ಇರುವುದು

ಭ್ರಮೆಕಾರಕ ಮಾದಕಗಳು ನೋಟವನ್ನು ಕೆಡಿಸುವ ಇನ್ನೊಂದು ಬಗೆಯಿದೆ, ಅದನ್ನು ಇದರ ಜೊತೆ ಬೆರೆಸಬಾರದು. ಅಮಲು ಇಳಿದು ತಿಂಗಳುಗಳಾದ ಮೇಲೂ ಕೆಲವರಿಗೆ ಚಲಿಸುವ ಕೈಯ ಹಿಂದೆ ಅದರ ನೆರಳಿನ ಸಾಲು ಕಾಣುತ್ತದೆ, ದೀಪಗಳ ಸುತ್ತ ಬಳೆ ಮೂಡುತ್ತದೆ, ಖಾಲಿ ಗೋಡೆಯ ಮೇಲೆ ಹಳೆಯ ಟಿವಿಯ ಚುಕ್ಕೆಮಳೆಯಂತಹ ಕದಲಿಕೆ ನಿಲ್ಲುವುದೇ ಇಲ್ಲ. ಮನೋವೈದ್ಯರು ಇದಕ್ಕೆ ಪ್ರತ್ಯೇಕ ಹೆಸರು ಕೊಟ್ಟಿದ್ದಾರೆ. ಭ್ರಮೆಕಾರಕದ ನಂತರ ಉಳಿಯುವ ಗ್ರಹಿಕೆಯ ತೊಂದರೆ ಎಂದು ಕನ್ನಡದಲ್ಲಿ ಹೇಳಬಹುದು. ಇಂಥವರ ಕಣ್ಣನ್ನು ಎಷ್ಟು ಪರೀಕ್ಷಿಸಿದರೂ ಅಕ್ಷಿಪಟಲ ಸರಿಯಾಗಿಯೇ ಇರುತ್ತದೆ. ತೊಂದರೆ ಇರುವುದು ಮಿದುಳು ನೋಟವನ್ನು ಕಟ್ಟಿಕೊಳ್ಳುವ ಕಡೆಯಲ್ಲಿ ಎಂಬುದು ಸದ್ಯದ ತಿಳಿವಳಿಕೆ.

ಇದಕ್ಕೆ ಹೊಂದುವ ಒಂದು ಪ್ರಯೋಗ, ಯೋಡರ್ ಸುದ್ದಿಗಿಂತ ಐದು ವರ್ಷ ಮೊದಲೇ ನಡೆದು ಪ್ರಕಟವಾಗಿತ್ತು. 1963ರಲ್ಲಿ ಕ್ರಿಲ್ ಮತ್ತು ಸಂಗಡಿಗರು ಸಂಪೂರ್ಣ ಅಂಧರಾಗಿದ್ದ ವ್ಯಕ್ತಿಗಳಿಗೆ ಎಲ್‌ಎಸ್‌ಡಿ ಕೊಟ್ಟು ನೋಡಿದಾಗ ಅವರಲ್ಲಿ ಹಲವರಿಗೆ ಬೆಳಕು, ಆಕಾರಗಳು ಕಂಡವು. ಆ ದರ್ಶನಗಳಿಗೆ ಸರಿಯಿರುವ ಅಕ್ಷಿಪಟಲ ಬೇಕಿಲ್ಲ ಎಂಬುದು ಅವರ ತೀರ್ಮಾನ. ಎಲ್‌ಎಸ್‌ಡಿ ಮತ್ತು ಅಂಧತ್ವದ ಬಗ್ಗೆ ಗಂಭೀರ ವಿಜ್ಞಾನ ಹೇಳಿದ್ದು ಇಷ್ಟು. ಅದನ್ನು ಮುಖಪುಟದಲ್ಲಿ ಯಾರೂ ಹಾಕಲಿಲ್ಲ.

ನಮ್ಮ ಬೇಲಿಯ ದತ್ತೂರಿಯದು ಇನ್ನೊಂದು ದಾರಿ. ಅದರ ಬೀಜದಲ್ಲಿರುವ ಅಟ್ರೊಪಿನ್, ಸ್ಕೊಪೊಲಮಿನ್‌ಗಳು ಭ್ರಮೆಯನ್ನೂ ಹುಟ್ಟಿಸುತ್ತವೆ, ಪಾಪೆಯನ್ನೂ ನೇರವಾಗಿ ಹಿಗ್ಗಿಸಿ ಹತ್ತಿರದ ನೋಟವನ್ನು ಮಂಜಾಗಿಸುತ್ತವೆ. ಗಿಡ ಕಿತ್ತ ಕೈಯಿಂದ ಕಣ್ಣುಜ್ಜಿಕೊಂಡರೂ ಸಾಕು, ಒಂದೇ ಪಾಪೆ ದೊಡ್ಡದಾಗಿ ಮನೆಯವರನ್ನು ಗಾಬರಿಗೊಳಿಸುತ್ತದೆ. ಅದು ಕೆಲವು ದಿನಗಳಲ್ಲಿ ಇಳಿಯುತ್ತದೆ. ಆದರೆ ಕಣ್ಣಿನ ಒಳಕೋನ ಕಿರಿದಾಗಿರುವವರಲ್ಲಿ ಇದ್ದಕ್ಕಿದ್ದಂತೆ ಒತ್ತಡ ಏರಿ ಗ್ಲಾಕೋಮಾ ಆಗುವ ಅಪಾಯವಿದೆ.

ಸೂರ್ಯನಿಂದ ಆಗುವ ಹಾನಿ ನಮ್ಮ ಕಡೆ ಪರಿಚಿತವಾಗಿರುವುದು ಗ್ರಹಣದ ಹೆಸರಿನಲ್ಲಿ. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣ ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋದಾಗ "ನೋಡಿದರೆ ಕಣ್ಣು ಹೋಗುತ್ತೆ" ಎಂದು ಮಕ್ಕಳನ್ನು ಒಳಗೆ ಕೂರಿಸಿ ಬಾಗಿಲು ಹಾಕಿದ ಮನೆಗಳ ನೆನಪು ಹಿರಿಯರಲ್ಲಿ ಇನ್ನೂ ಇದೆ. ತಟ್ಟೆಯಲ್ಲಿ ಸಗಣಿ ನೀರು ಹಿಡಿದು ಬಿಂಬ ನೋಡುವ ರೂಢಿಯೂ ಇತ್ತು. ಅದು ಬೆಳಕನ್ನು ಬಹಳಷ್ಟು ತಗ್ಗಿಸುತ್ತದೆಯಾದರೂ ಪೂರ್ತಿ ಕ್ಷೇಮವಲ್ಲ. ಅಮ್ಮಂದಿರ ಎಚ್ಚರಿಕೆಯೂ ಯೋಡರ್ ಮಾಡಿದಂತೆಯೇ ಮಾತನ್ನು ಉಬ್ಬಿಸಿದ್ದೇ, ಆದರೆ ಅದರ ಮೇಲೆ ಇಲಾಖೆಯ ಮೊಹರು ಇರಲಿಲ್ಲ. 1999ರ ಆಗಸ್ಟ್ ಗ್ರಹಣದ ಬಳಿಕ ಇಂಗ್ಲೆಂಡಿನ ಲೆಸ್ಟರ್ ನಗರದ ಆಸ್ಪತ್ರೆಗೆ ಕಣ್ಣಿನ ದೂರು ಹೊತ್ತು ಬಂದ 45 ಮಂದಿಯನ್ನು ವೈದ್ಯರು ಹಿಂಬಾಲಿಸಿ ನೋಡಿದರು. ಏಳು ತಿಂಗಳ ನಂತರ ನಾಲ್ವರಿಗೆ ಮಾತ್ರ, ಅದೂ ಮಬ್ಬು ಬೆಳಕಿನಲ್ಲಿ, ಕಲೆಯ ಕುರುಹು ಕಾಣುತ್ತಿತ್ತು. ಅಮಲಿನಲ್ಲಿ ಹೆಚ್ಚು ಹೊತ್ತು ನೋಡಿದವರ ಪಾಡು ಇಷ್ಟು ಹಗುರವಾಗಿರಬೇಕಿಲ್ಲ. ಆದರೂ ಮೂರರಿಂದ ಆರು ತಿಂಗಳಲ್ಲಿ ಬಹುಪಾಲು ಮಂದಿಯ ದೃಷ್ಟಿ ಸುಧಾರಿಸುತ್ತದೆ, ಕೆಲವರಲ್ಲಿ ಪುಟ್ಟ ಕಲೆಯೊಂದು ಉಳಿದುಬಿಡುತ್ತದೆ. ಇದಕ್ಕೆ ಖಚಿತವೆಂದು ಸಾಬೀತಾದ ಔಷಧವಿಲ್ಲ.

ಅಕ್ಷಿಪಟಲದ ಪದರಗಳನ್ನು ಬೆಳಕಿನಿಂದ ಚಿತ್ರಿಸುವ ಈಗಿನ ಒಸಿಟಿ ಸ್ಕ್ಯಾನ್‌ನಲ್ಲಿ ಈ ಹಾನಿ ಫೋವಿಯಾದ ಹೊರಪದರದ ಗೆರೆಯಲ್ಲಿ ಒಂದು ಸಣ್ಣ ಕಡಿತವಾಗಿ ಕಾಣುತ್ತದೆ. ಆ ಕಡಿತ ಯಾವುದರಿಂದ ಆಯಿತೆಂದು ಯಂತ್ರ ಹೇಳುವುದಿಲ್ಲ; ಲೇಸರ್ ಪಾಯಿಂಟರ್, ಗ್ರಹಣ, ಬೆಳಗಿನ ಸೂರ್ಯನನ್ನು ದಿಟ್ಟಿಸುವ ಸಾಧನೆ, ಅಮಲಿನ ಒಂದು ಮಧ್ಯಾಹ್ನ, ಎಲ್ಲವೂ ಅಲ್ಲಿ ಹೆಚ್ಚುಕಡಿಮೆ ಒಂದೇ ತರಹ. ಕೇಳಿಯೇ ತಿಳಿಯಬೇಕು. ನಮ್ಮಲ್ಲಿ ಇಪ್ಪತ್ತರ ಹುಡುಗ ಕಣ್ಣಿನ ವೈದ್ಯರ ಬಳಿ ಬರುವುದು ಅಪ್ಪನ ಜೊತೆ. ಕೇಳಿದ ಪ್ರಶ್ನೆಗೆಲ್ಲ ಅಪ್ಪನೇ ಉತ್ತರಿಸುತ್ತಾರೆ, ಮೊಬೈಲ್ ಜಾಸ್ತಿ ನೋಡ್ತಾನೆ ಸಾರ್ ಎನ್ನುತ್ತಾರೆ. ಪಾಪೆ ಹಿಗ್ಗಲು ಡ್ರಾಪ್ಸ್ ಹಾಕಿ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂರಿಸುವ ಆ ಅರ್ಧ ಗಂಟೆಯಲ್ಲಿ, ಅಪ್ಪ ಬಿಲ್ ಕಟ್ಟಲು ಕೌಂಟರಿಗೆ ಹೋದಾಗ, ಮೆಲ್ಲಗೆ ಕೇಳಿದರೆ ಹುಡುಗ ನಡೆದದ್ದನ್ನು ಹೇಳಿಯಾನು. ಹೇಳಿದ ಮೇಲೆ ಅವನೂ ಒಂದು ಪ್ರಶ್ನೆ ಕೇಳುತ್ತಾನೆ: "ಕಣ್ಣು ಪೂರ್ತಿ ಹೋಗುತ್ತಾ ಡಾಕ್ಟ್ರೇ?" ಹೋಗುವುದಿಲ್ಲ, ನೀನು ನೋಡಿದ ಕಡೆಯ ಒಂದು ಅಕ್ಷರ ಹೋಗಿದೆ, ಎಷ್ಟು ತಿರುಗಿ ಬರುತ್ತದೋ ಈಗಲೇ ಹೇಳಲಾರೆ, ಈ ಚೌಕದ ಹಾಳೆಯನ್ನು ಮನೆಗೆ ಒಯ್ದು ವಾರಕ್ಕೊಮ್ಮೆ ಒಂದೊಂದೇ ಕಣ್ಣಿನಿಂದ ನೋಡಿ ಗುರುತು ಹಾಕಿಕೊಂಡು ಮೂರು ತಿಂಗಳಿಗೆ ಬಾ ಎಂದು ವೈದ್ಯರು ಹಾಳೆಯನ್ನು ಅವನ ಕೈಗೆ ಕೊಡುತ್ತಾರೆ.